ಮತದಾರರ ಪಟ್ಟಿಗೆ ಖಾತೆವಹಿಯ ಹೊಲಿಗೆ: ಜಮಖಂಡಿಯ ಒಂದು ಝೆರಾಕ್ಸ್ ಅಂಗಡಿಯ ಬಗ್ಗೆ

ಜಮಖಂಡಿಯ ಪೋಲೋ ಮೈದಾನದಿಂದ ಪೇಟೆಯ ಕಡೆಗೆ ನಡೆದರೆ ಸಿಗುವ ಒಂದು ಓಣಿಯಲ್ಲಿ, ಹಿಟ್ಟಿನ ಗಿರಣಿಗೂ ಟೇಲರ್ ಅಂಗಡಿಗೂ ನಡುವೆ ಈ ಝೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ಇದೆ. ಹೆಸರು ಹಾಕಬೇಡಿ ಎಂದು ಮಾಲಕರು ಕೈಮುಗಿದು ಕೇಳಿಕೊಂಡಿದ್ದಾರೆ. ಎಲ್ಲ ಪಕ್ಷದವರೂ ಅವರ ಗಿರಾಕಿಗಳು. ಒಂದು ಪಕ್ಷದವಳು ಹೊಗಳಿದಳೆಂದರೆ ಉಳಿದವರು ಬೇರೆ ಅಂಗಡಿ ಹುಡುಕಿಕೊಂಡಾರು ಎಂಬ ಅಂಜಿಕೆ ಅವರದು. ಅದೇ ಕಾರಣಕ್ಕೆ ನನ್ನ ಪಕ್ಷದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡ ಪಕ್ಷ ಎಂದಷ್ಟು ತಿಳಿದುಕೊಂಡರೆ ಸಾಕು. ಕರ್ನಾಟಕದಲ್ಲಿ ಆ ಪಾಡು ಯಾವ ಪಕ್ಷಕ್ಕೆ ಬಂದಿಲ್ಲ?

ನಾನು ಕೃಷ್ಣಾ ದಂಡೆಯ ಹಳ್ಳಿಯವಳು. ಎರಡು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ, ಒಂದು ಅವಧಿಗೆ ಅಧ್ಯಕ್ಷೆ. ಈಗ ಪಕ್ಷ ನನಗೆ ಇಪ್ಪತ್ತೆರಡು ಮತಗಟ್ಟೆಗಳ ಹೊಣೆ ಕೊಟ್ಟಿದೆ. ಆ ಇಪ್ಪತ್ತೆರಡು ಮತಗಟ್ಟೆಗಳ ಮತದಾರರ ಪಟ್ಟಿಯನ್ನು ಇಪ್ಪತ್ತೆರಡು ಪುಸ್ತಕಗಳಾಗಿ ಈ ಅಂಗಡಿಯಲ್ಲಿ ಹೊಲಿಸಿದೆ. ಒಂದಕ್ಕೆ 210 ರೂಪಾಯಿಯಂತೆ 4,620 ರೂಪಾಯಿ ಆಯಿತು, 4,500 ತೆಗೆದುಕೊಂಡರು. ಆ ಹಣಕ್ಕೆ ಏನು ಸಿಕ್ಕಿತು ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಸೋತ ಪಕ್ಷಗಳ ಕಾರ್ಯಕರ್ತರು ಎಲ್ಲ ತಾಲ್ಲೂಕುಗಳಲ್ಲೂ ಇದ್ದಾರೆ, ಅವರಿಗೆ ಉಪಯೋಗವಾಗಬಹುದು.

ಸೋಲಿನ ನಂತರ ನಮ್ಮಲ್ಲಿ ಆತ್ಮಾವಲೋಕನ ಸಭೆಗಳು ನಡೆದವು. ನಾಲ್ಕಕ್ಕೆ ಹೋಗಿದ್ದೆ. ಟಿಕೆಟ್ ಹಂಚಿಕೆ ತಪ್ಪಿತು ಎಂದರು, ಒಳಏಟು ಬಿತ್ತು ಎಂದರು, ಇಂಥ ಸಮಾಜ ಕೈಬಿಟ್ಟಿತು ಎಂದರು, ದುಡ್ಡು ಸಾಲಲಿಲ್ಲ ಎಂದರು. ನಿಮ್ಮ ಮತಗಟ್ಟೆಯಲ್ಲಿ ಎಷ್ಟು ಮನೆಗಳಿವೆ, ಅವುಗಳಲ್ಲಿ ಎಷ್ಟು ಮನೆಯ ಹೊಸ್ತಿಲನ್ನು ಕಳೆದ ಮೂರು ವರ್ಷಗಳಲ್ಲಿ ತುಳಿದಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅಧಿಕಾರ ಇದ್ದಾಗ ಜನರೇ ನಮ್ಮ ಮನೆಗೆ ಬರುತ್ತಾರೆ. ಬೆಳಗ್ಗೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ನಾಲ್ಕು ಜನ ಅರ್ಜಿ ಹಿಡಿದು ಕೂತಿರುತ್ತಾರೆ. ಆ ನಾಲ್ವರನ್ನು ನೋಡಿ, ಊರೆಲ್ಲ ನಮ್ಮ ಜೊತೆ ಇದೆ ಎಂದುಕೊಂಡೆವು. ಬಾರದವರ ಲೆಕ್ಕ ಯಾರ ಬಳಿಯೂ ಇರಲಿಲ್ಲ.

ಲೆಕ್ಕ ಇತ್ತು ಎಂದು ನಾವು ನಂಬಿದ್ದು ಒಂದು ಮೊಬೈಲ್ ಆ್ಯಪ್‌ನಲ್ಲಿ. ಬೆಂಗಳೂರಿನ ಒಂದು ಕಂಪನಿ ಮಾಡಿಕೊಟ್ಟದ್ದು. ಮತದಾರರ ಹೆಸರಿನ ಮುಂದೆ ಬಣ್ಣದ ಚುಕ್ಕೆ ಇಡಬೇಕು: ನಮ್ಮವರಿಗೆ ಹಸಿರು, ಎದುರಿನವರಿಗೆ ಕೆಂಪು, ಅತ್ತಿತ್ತ ಇರುವವರಿಗೆ ಹಳದಿ. ಜಾತಿ ತುಂಬುವ ಜಾಗವೂ ಇತ್ತು. ಎರಡು ವರ್ಷ ಕೂತು ತುಂಬಿದೆ. ಯಾರು ಗೋವಾಕ್ಕೆ ದುಡಿಯಲು ಹೋಗಿದ್ದಾರೆ, ಯಾರು ಇಚಲಕರಂಜಿಯ ಮಗ್ಗಗಳಲ್ಲಿದ್ದಾರೆ, ಯಾರ ದೂರವಾಣಿ ಯಾವುದು, ಎಲ್ಲವೂ ಅದರಲ್ಲಿತ್ತು. ಫಲಿತಾಂಶ ಬಂದ ಎರಡನೆಯ ತಿಂಗಳು ಪಕ್ಷದಿಂದ ಬಾಡಿಗೆ ಹೋಗಲಿಲ್ಲ. ಆ್ಯಪ್ ತೆರೆಯುವುದು ನಿಂತಿತು. ಕಂಪನಿಗೆ ಫೋನ್ ಮಾಡಿದರೆ ಒಪ್ಪಂದ ಮುಗಿದಿದೆ ಎಂಬ ಉತ್ತರ. ನನ್ನ ಎರಡು ವರ್ಷದ ದುಡಿಮೆಯಲ್ಲಿ ಒಂದು ಅಕ್ಷರವೂ ಕೈಗೆ ಸಿಗಲಿಲ್ಲ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ನಂತರ ನಮೂನೆ 20 ತೆಗೆಸಿ ನೋಡಿದೆ. ಮತಗಟ್ಟೆವಾರು ಯಾರಿಗೆ ಎಷ್ಟು ಮತ ಬಿತ್ತು ಎಂಬ ಅಂತಿಮ ಪಟ್ಟಿ ಅದು. ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆ್ಯಪ್‌ನಲ್ಲಿ ಹಸಿರು ತುಂಬಿ ತುಳುಕುತ್ತಿದ್ದ ಮೂರು ಮತಗಟ್ಟೆಗಳಲ್ಲಿ ನಾವು ಹಿಂದೆ ಬಿದ್ದಿದ್ದೆವು. ಹಾಗಾಗಿ ಆ ದಾಖಲೆ ಹೋಯಿತು ಎಂಬ ದುಃಖಕ್ಕಿಂತ ಅದು ಮೊದಲೇ ಸುಳ್ಳಾಗಿತ್ತು ಎಂಬುದು ಹೆಚ್ಚು ನೋಯಿಸಿತು. ನನ್ನ ಕಾರ್ಯಕರ್ತರು ಮನೆಗೆ ಹೋಗದೆ, ಕಟ್ಟೆಯ ಮೇಲೆ ಕೂತು, ಸರನೇಮು ನೋಡಿ ಬಣ್ಣ ಹಚ್ಚಿದ್ದರು.

ಪಟ್ಟಿಯ ಝೆರಾಕ್ಸ್ ತೆಗೆಸಲು ಈ ಅಂಗಡಿಗೆ ಬಂದದ್ದು ಹೀಗೆ. ಮಾಲಕರಿಗೆ ಎಪ್ಪತ್ತು ದಾಟಿದೆ. ಇಡೀ ಓಣಿ ಅವರನ್ನು ಕಾಕಾ ಎನ್ನುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ. ಸೊಸೆ ಕಂಪ್ಯೂಟರ್ ಮತ್ತು ಯಂತ್ರ ನೋಡಿಕೊಳ್ಳುತ್ತಾಳೆ. ಕಾಕಾ ಒಳಗಿನ ಮಂಚದ ಮೇಲೆ ಬೈಂಡಿಂಗ್ ಮಾಡುತ್ತಾರೆ. ಸ್ಪೈರಲ್ ಹಾಕಿ ಕೊಡಿ ಎಂದೆ. ಕಾಕಾ ಕನ್ನಡಕ ಸರಿಪಡಿಸಿಕೊಂಡು ಕೇಳಿದರು: "ತಂಗೀ, ಇದನ್ನು ಓದುವುದಕ್ಕೆ ಒಯ್ಯುತ್ತೀಯೋ, ಬರೆಯುವುದಕ್ಕೋ?"

ಎರಡಕ್ಕೂ ಎಂದೆ. ಹಾಗಾದರೆ ಸ್ಪೈರಲ್ ಬೇಡ ಎಂದರು. ಹತ್ತು ಜನ ತಿರುವಿ ಹಾಕಿದರೆ ಅಂಚು ಹರಿದು ಹಾಳೆ ಕಿತ್ತು ಬರುತ್ತದೆ, ಒಂದು ಹಾಳೆ ಹೋಯಿತೆಂದರೆ ಮೂವತ್ತು ಜನ ಹೋದ ಹಾಗೆ. ಅದು ನಿಜ. ಮತದಾರರ ಪಟ್ಟಿಯ ಒಂದು ಪುಟಕ್ಕೆ ಅಡ್ಡ ಮೂರು, ಉದ್ದ ಹತ್ತು, ಹೀಗೆ ಮೂವತ್ತು ಚೌಕಗಳಿರುತ್ತವೆ. ಒಂದು ಚೌಕದಲ್ಲಿ ಕ್ರಮ ಸಂಖ್ಯೆ, ಗುರುತಿನ ಚೀಟಿಯ ಸಂಖ್ಯೆ, ಹೆಸರು, ತಂದೆಯದೋ ಗಂಡನದೋ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ. ಬರೆಯಲು ಬೆರಳಿನಷ್ಟು ಜಾಗವೂ ಉಳಿಯುವುದಿಲ್ಲ.

ಕಾಕಾ ಕಪಾಟಿನಿಂದ ಒಂದು ಹಳೆಯ ಖಾತೆವಹಿ ತೆಗೆದರು. ಮಹಾಲಿಂಗಪುರದ ಬೆಲ್ಲದ ಅಡತಿಗಳಿಗೆ, ಬನಹಟ್ಟಿಯ ನೂಲಿನ ವ್ಯಾಪಾರಿಗಳಿಗೆ ದೀಪಾವಳಿಗೆ ಮೊದಲು ಅವರು ಹೊಲಿದುಕೊಡುತ್ತಿದ್ದ ಕೆಂಪು ಬಟ್ಟೆಯ ರೋಜಕೀರ್ದಿ (ದಿನದ ಲೆಕ್ಕದ ಪುಸ್ತಕ), ಖಾತೆವಹಿಗಳಲ್ಲಿ ಉಳಿದದ್ದು. ಎಲ್ಲಿ ತೆರೆದರೂ ಪುಸ್ತಕ ಚಪ್ಪಟೆಯಾಗಿ ಮಲಗುತ್ತಿತ್ತು. ಕೈಯಿಂದ ಅದುಮಿ ಹಿಡಿಯಬೇಕಾಗಿಲ್ಲ. "ಉದ್ರಿ ವಸೂಲಿಗೆ ಊರೂರು ತಿರುಗುವ ಗುಮಾಸ್ತರಿಗೆ ಇಂಥದ್ದನ್ನೇ ಕೊಡುತ್ತಿದ್ದೆ. ನಿಂತುಕೊಂಡೇ ಬರೆಯಬಹುದು, ತೋಳಿನ ಮೇಲೆ ಇಟ್ಟುಕೊಂಡು," ಎಂದರು.

ಹೊಲಿಗೆಯನ್ನು ನಾನು ಎರಡು ಮಧ್ಯಾಹ್ನ ಕೂತು ನೋಡಿದ್ದೇನೆ. ಸೊಸೆ ಪಟ್ಟಿಯ ಪುಟಗಳನ್ನು ಎ-3 ಹಾಳೆಯ ಮೇಲೆ ಜೋಡಿಸಿ ಎರಡೂ ಬದಿ ಮುದ್ರಿಸುತ್ತಾಳೆ. ಮಡಿಚಿದಾಗ ಎಡಕ್ಕೆ ಪಟ್ಟಿ, ಬಲಕ್ಕೆ ಗೆರೆ ಹಾಕಿದ ಖಾಲಿ ಪುಟ ಬರುವಂತೆ. ಮೂವತ್ತಾರು ಪುಟದ ಪಟ್ಟಿಗೆ ಮೂವತ್ತಾರು ಖಾಲಿ ಪುಟ. ಒಟ್ಟು ಹದಿನೆಂಟು ದೊಡ್ಡ ಹಾಳೆ. ಕಾಕಾ ಆ ಹದಿನೆಂಟನ್ನು ಆರಾರರ ಮೂರು ಮಡಿಕೆ ಮಾಡಿ, ಮಡಿಚಿದ ಅಂಚನ್ನು ಬಿದಿರಿನ ಚಕ್ಕೆಯಿಂದ ಉಜ್ಜುತ್ತಾರೆ. ಉಜ್ಜುವಾಗ ಒಣಗಿದ ಜೋಳದ ರವದಿ ಮುರಿದ ಹಾಗೆ ಸಣ್ಣ ಸದ್ದು ಬರುತ್ತದೆ. ಅಂಚಿನಲ್ಲಿ ದಬ್ಬಳದಿಂದ ಐದು ತೂತು, ಮೇಣ ಸವರಿದ ದಾರ, ಒಳಗೆ ಹೋಗಿ ಹೊರಗೆ ಬಂದು, ಎರಡನೆಯ ಮಡಿಕೆಯನ್ನು ಮೊದಲನೆಯದರ ಕುಣಿಕೆಗೆ ಸೇರಿಸಿ ಗಂಟು. ಬೆನ್ನಿಗೆ ಮೈದಾ ಹಿಟ್ಟಿನ ಅಂಟು; ಹುಳ ಬೀಳದಿರಲೆಂದು ಅದಕ್ಕೆ ಒಂದು ಚಿಟಿಕೆ ಮೈಲುತುತ್ತ. ಮೇಲೆ ರಟ್ಟು, ಅದರ ಮೇಲೆ ಕೆಂಪು ಬಟ್ಟೆ. ರಾತ್ರಿಯಿಡೀ ಹಲಗೆಯ ಕೆಳಗೆ ತೂಕ ಹೇರಿ ಇಟ್ಟರೆ ಬೆಳಗ್ಗೆ ಪುಸ್ತಕ. ಕಾಕಾ ಒಂದು ಪುಸ್ತಕವನ್ನು ರಟ್ಟು ಹಿಡಿದು ತಲೆಕೆಳಗಾಗಿ ಜೋರಾಗಿ ಜಾಡಿಸಿ ತೋರಿಸಿದರು. ಒಂದು ಹಾಳೆಯೂ ಅಲುಗಲಿಲ್ಲ.

ಖಾಲಿ ಪುಟಕ್ಕೆ ಗೆರೆ ಹೇಗೆ ಹಾಕಬೇಕು ಎಂಬ ಪ್ರಶ್ನೆ ಬಂದಾಗ ಸೊಸೆ ಹೇಳಿದ ಒಂದು ಮಾತು ನನ್ನ ಕೆಲಸವನ್ನೇ ಬದಲಿಸಿತು. "ಅಕ್ಕಾ, ಮೂವತ್ತು ಹೆಸರು ಎಂದರೆ ಏಳೆಂಟು ಮನೆ ಅಲ್ಲವೇ? ನೀವು ಹೋಗುವುದು ಮನೆಗೆ. ಮನೆಗೊಂದು ಗೆರೆ ಹಾಕಲೇ?" ಆ್ಯಪ್ ನಮ್ಮನ್ನು ಒಂಟಿ ಮತದಾರರನ್ನು ಎಣಿಸಲು ಕಲಿಸಿತ್ತು, ಈ ಹುಡುಗಿ ಮನೆ ಎಣಿಸಿದಳು. ಪುಟಕ್ಕೆ ಎಂಟು ಅಗಲವಾದ ಸಾಲು ಹಾಕಿದಳು. ಒಂದು ಮನೆಯ ಹೆಸರುಗಳು ಮುಂದಿನ ಪುಟಕ್ಕೂ ಹರಿದಿದ್ದರೆ ಅಲ್ಲಿ ಬಾಣದ ಗುರುತು.

ಅಡ್ಡಕ್ಕೆ ಎಷ್ಟು ಕಾಲಮ್ ಎಂದು ಕೇಳಿದಳು. ಮನೆಗೆ ಹೋಗಿ ಯೋಚಿಸಿ ಹೇಳುತ್ತೇನೆ ಎಂದೆ. ಬಸ್ಸಿನಲ್ಲಿ ಕೂತಾಗ ಕಾಕಾ ಆಡಿದ ಉದ್ರಿಯ ಮಾತು ತಲೆಯಲ್ಲಿ ತಿರುಗುತ್ತಿತ್ತು. ಇದು ವಸೂಲಿಯ ಪುಸ್ತಕವಲ್ಲ. ಸಾಲ ಮಾಡಿದವರು ನಾವು. ವೋಟು ತೆಗೆದುಕೊಂಡು, ಮಾತು ಕೊಟ್ಟು, ಕೊಟ್ಟ ಮಾತನ್ನು ಎಲ್ಲೂ ಬರೆದಿಡದೆ ಬಂದವರು ನಾವು. ಮರುದಿನ ಫೋನ್ ಮಾಡಿ ಮೂರು ಕಾಲಮ್ ಹೇಳಿದೆ: ಅವರು ಕೇಳಿದ್ದು, ನಾವು ಹೇಳಿದ್ದು, ಆದದ್ದು. ಜಾತಿಗೊಂದು ಕಾಲಮ್ ಇರಲಿ ಎಂದು ಜಿಲ್ಲೆಯಿಂದ ಹೇಳಿದರು. ಹಾಕಿಸಲಿಲ್ಲ. ಒಬ್ಬರ ಮನೆಯ ಬಾಗಿಲಲ್ಲಿ ನಿಂತು ಅವರೆದುರೇ ಬರೆಯಲಾಗದ ವಿಷಯ ಪುಸ್ತಕದಲ್ಲಿ ಇರಬಾರದು ಎಂದು ನಿರ್ಧರಿಸಿದ್ದೆ.

ಇಷ್ಟೆಲ್ಲ ಯಾಕೆ, ಐದು ವರ್ಷ ಕಾದರೆ ಅಧಿಕಾರ ತಾನಾಗಿ ತಿರುಗಿ ಬರುತ್ತದೆ ಎನ್ನುವವರು ನಮ್ಮಲ್ಲಿ ಬಹಳ ಜನ. ಅವರ ಮಾತಿಗೆ ಆಧಾರವೂ ಇದೆ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ 139 ಸ್ಥಾನ ಗೆದ್ದು ಮತ್ತೆ ಅಧಿಕಾರ ಹಿಡಿದ ಮೇಲೆ ಇಲ್ಲಿ ಯಾವ ಆಡಳಿತ ಪಕ್ಷವೂ ಚುನಾವಣೆಯಲ್ಲಿ ಮರಳಿ ಗೆದ್ದಿಲ್ಲ. 1989ರಲ್ಲಿ ಕಾಂಗ್ರೆಸ್ 178 ಗೆದ್ದಿತು, ಜನತಾದಳ 24ಕ್ಕೆ ಇಳಿಯಿತು; 1994ರಲ್ಲಿ ಅದೇ ಜನತಾದಳ 115 ಗೆದ್ದು ಕಾಂಗ್ರೆಸ್ 34ಕ್ಕೆ ಕುಸಿಯಿತು. ಬಿಜೆಪಿ 2008ರಲ್ಲಿ 110, 2013ರಲ್ಲಿ 40, 2018ರಲ್ಲಿ 104, 2023ರಲ್ಲಿ 66. ಇದನ್ನು ನೋಡಿದವರಿಗೆ ಗಾಣದ ಎತ್ತಿನ ಹಾಗೆ ಸುತ್ತು ಬಂದೇ ಬರುತ್ತದೆ ಎನ್ನಿಸುವುದು ಸಹಜ.

ಆದರೆ ಎಲ್ಲರಿಗೂ ಬರಲಿಲ್ಲ. 1999ರಲ್ಲಿ ಜನತಾದಳ ಒಡೆಯಿತು. ಒಂದು ಬಣಕ್ಕೆ 18, ಇನ್ನೊಂದಕ್ಕೆ, ಅಂದರೆ ಜೆಡಿಎಸ್‌ಗೆ, 10. ಆಮೇಲೆ ಜೆಡಿಎಸ್‌ನವರು ಮುಖ್ಯಮಂತ್ರಿಯಾದದ್ದು 2006ರಲ್ಲಿ ಮತ್ತು 2018ರಲ್ಲಿ, ಎರಡು ಸಲವೂ ಮೈತ್ರಿಯಿಂದ. ಒಂದು ಕಾಲಕ್ಕೆ ಬಿಜಾಪುರ ಸೀಮೆಯ ಹಳ್ಳಿ ಹಳ್ಳಿಯಲ್ಲಿ ಬೇರು ಬಿಟ್ಟಿದ್ದ ಪಕ್ಷ ಅದು. ಕಾಯುವುದರಿಂದಲೇ ಅಧಿಕಾರ ಬರುವುದಾದರೆ ಅವರಿಗೂ ಬರಬೇಕಿತ್ತು. ನಡುವೆ ಒಂದು ಐದು ವರ್ಷ ಹಳ್ಳಿಯ ಕೊಂಡಿ ಕಳಚಿತು ಎಂದರೆ ಮುಂದಿನ ಸುತ್ತು ಬರುವ ಹೊತ್ತಿಗೆ ಹಿಡಿಯುವ ಕೈ ಇರುವುದಿಲ್ಲ.

ನಮ್ಮ ತಾಲ್ಲೂಕಿನವರಿಗೆ ಇದನ್ನು ಬೇರೆ ಊರಿನ ಕಥೆಯಿಂದ ಹೇಳಬೇಕಾಗಿಲ್ಲ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಬ್ಯಾರೇಜ್ ಕಟ್ಟಿದರು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಎರಡು ವರ್ಷದ ನಂತರ, 1991ರಲ್ಲಿ, ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನಿಂದ ನಿಂತ ಅವರು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ನನಗೆ ಆಗ ಇಪ್ಪತ್ತು ವರ್ಷ. ನನ್ನ ತಂದೆ ಹೆಗಡೆಯವರ ಭಕ್ತರು. ಅಂದು ರೇಡಿಯೋ ಮುಂದೆ ಕೂತವರು ಎದ್ದು ಹೊಲಕ್ಕೆ ಹೋಗಿಬಿಟ್ಟರು. ಸಂಜೆ ಬಂದು ಅವ್ವನಿಗೆ ಹೇಳಿದ್ದು ನನಗೆ ನೆನಪಿದೆ: "ಹೆಗಡೆಯವರನ್ನು ದೇಶಕ್ಕೆಲ್ಲ ಗೊತ್ತು. ಆದರೆ ಸಿದ್ದುಗೆ ನಮ್ಮನ್ನೆಲ್ಲ ಗೊತ್ತು." ಆ ಮಾತನ್ನು ನಾನು ಮೂವತ್ತು ವರ್ಷ ರಾಜಕೀಯದಲ್ಲಿದ್ದೂ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಯಾತ್ರೆಗಳು ಬೇಡ ಎಂದು ನಾನು ಹೇಳುವುದಿಲ್ಲ. 2010ರಲ್ಲಿ ಕಾಂಗ್ರೆಸ್ ಬೆಂಗಳೂರಿನಿಂದ ಬಳ್ಳಾರಿಗೆ ನಡೆಯಿತು. 2013ರ ಆರಂಭದಲ್ಲಿ ಹೊಸಪೇಟೆಯಿಂದ ನಮ್ಮ ಜಿಲ್ಲೆಯ ಕೂಡಲಸಂಗಮಕ್ಕೆ ನಡೆಯಿತು. ಆ ವರ್ಷವೇ ಗೆದ್ದಿತು. 2017ರಲ್ಲಿ ಬಿಜೆಪಿ ಪರಿವರ್ತನಾ ಯಾತ್ರೆ ಮಾಡಿ ಮರುವರ್ಷ ಅತಿ ದೊಡ್ಡ ಪಕ್ಷವಾಯಿತು. ಜೆಡಿಎಸ್‌ನ ಪಂಚರತ್ನ ರಥಯಾತ್ರೆ 2022ರ ನವೆಂಬರ್‌ನಲ್ಲಿ ಹೊರಟಿತು. ದಾರಿಯುದ್ದಕ್ಕೂ ಕ್ರೇನ್‌ಗಳಲ್ಲಿ ಹಾರ ತೂಗಿದವು, ಕೈಗೆ ಬಂದದ್ದು 19 ಸ್ಥಾನ. ಯಾತ್ರೆ ದಾಟಿಹೋದ ಮೇಲೆ ಆ ಊರಿನಲ್ಲಿ ಪಕ್ಷಕ್ಕಾಗಿ ಉಳಿಯುವವರು ಎಷ್ಟು ಜನ ಎನ್ನುವುದೇ ನನಗೆ ಮುಖ್ಯ. ನಮ್ಮ ಜಿಲ್ಲೆಯ ಬಾದಾಮಿಯಲ್ಲಿ 2018ರಲ್ಲಿ ಸಿದ್ದರಾಮಯ್ಯನವರು ಶ್ರೀರಾಮುಲು ಅವರನ್ನು ಸೋಲಿಸಿದ ಅಂತರ 1,696 ಮತ. ಇನ್ನೂರೈವತ್ತು ಮತಗಟ್ಟೆ ಎಂದುಕೊಂಡು ಭಾಗಿಸಿದರೂ ಮತಗಟ್ಟೆಗೆ ಏಳು ಮತ ಆಗುವುದಿಲ್ಲ. ಏಳು ಮತ ಎಂದರೆ ಎರಡು ಮನೆ.

ಇನ್ನು ಪುಸ್ತಕ ಕೈಗೆ ಬಂದ ಮೇಲಿನ ಮಾತು. ಮೊದಲ ವಾರ ನಾನೇ ಒಂದು ಪುಸ್ತಕ ಹಿಡಿದು ನನ್ನ ಊರಿನಲ್ಲೇ ಹೊರಟೆ. ಐದನೆಯ ಮನೆಯಲ್ಲಿ ಒಬ್ಬ ಅಜ್ಜಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಪಟ್ಟಿಯಲ್ಲಿ ಆ ಮನೆಗೆ ನಾಲ್ಕು ಹೆಸರು. ಅದರಲ್ಲಿ ಅಜ್ಜ ತೀರಿಕೊಂಡು ಎರಡು ವರ್ಷವಾಗಿದೆ, ಪಟ್ಟಿಯಲ್ಲಿ ಇನ್ನೂ ಇದ್ದಾರೆ. ಮಗ ಗೋವಾದಲ್ಲಿ ಗಾರೆ ಕೆಲಸ, ಹಬ್ಬಕ್ಕೆ ಬರುತ್ತಾನೆ. ಹಿರಿಯ ಮೊಮ್ಮಗನ ಹೆಂಡತಿಯ ಹೆಸರು ಇನ್ನೂ ತವರಿನಲ್ಲಿದೆ. ಕಿರಿಯ ಮೊಮ್ಮಗಳಿಗೆ ಹದಿನೆಂಟು ತುಂಬಿದೆ, ಹೆಸರು ಸೇರಿಲ್ಲ. ಒಂದೇ ಮನೆಯಲ್ಲಿ ಮೂರು ಅರ್ಜಿ: ಅಜ್ಜನ ಹೆಸರು ತೆಗೆಸಲು ನಮೂನೆ 7, ಮೊಮ್ಮಗನ ಹೆಂಡತಿಯ ವರ್ಗಾವಣೆಗೆ ನಮೂನೆ 8, ಹುಡುಗಿಯ ಹೆಸರು ಸೇರಿಸಲು ನಮೂನೆ 6. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಖುಗಳನ್ನು ಅರ್ಹತಾ ದಿನವೆಂದು ಹಿಡಿಯುವುದರಿಂದ ಹದಿನೆಂಟು ತುಂಬಿದವರು ಮುಂದಿನ ಜನವರಿಯವರೆಗೆ ಕಾಯಬೇಕಾಗಿಲ್ಲ ಎಂದು ಹುಡುಗಿಗೆ ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅವಳ ಮನೆಗೆ ನಾವು ಯಾರೂ ಹೋಗಿರಲಿಲ್ಲವಲ್ಲ.

ಆಮೇಲೆ ಅಜ್ಜಿ ಮಾತಾಡಿದರು. 2019ರ ಆಗಸ್ಟ್‌ನ ಹೊಳೆಯಲ್ಲಿ ಅವರ ಹಿಂದಿನ ಗೋಡೆ ಬಿದ್ದಿತ್ತು. ಎಲ್ಲ ಪಕ್ಷದವರೂ ಬಂದು ನೋಡಿಕೊಂಡು ಹೋಗಿದ್ದರು. ನಾನು ಮೊದಲನೆಯ ಕಾಲಮ್‌ನಲ್ಲಿ "ಮನೆ ಪರಿಹಾರದ ಬಾಕಿ ಬೇಕು" ಎಂದು ಬರೆದೆ. ಅಜ್ಜಿಗೆ ಓದು ಬಾರದು. ಏನು ಬರೆದರು ಎಂದು ಮೊಮ್ಮಗಳನ್ನು ಕೇಳಿದರು. ಹುಡುಗಿ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಗಟ್ಟಿಯಾಗಿ ಓದಿದಳು. ಅಜ್ಜಿ ಮೊರ ಕೆಳಗಿಟ್ಟರು. "ಅದಲ್ಲ ನಾನು ಹೇಳಿದ್ದು. ನೀನು ಅಧ್ಯಕ್ಷೆ ಇದ್ದಾಗ ನಾಲ್ಕು ಸಲ ನಿನ್ನ ಮನೆಗೆ ಬಂದಿದ್ದೆ. ನಾಲ್ಕನೆಯ ಸಲ ನೀನು ಊಟಕ್ಕೆ ಕೂತಿದ್ದೆ, ನಾಳೆ ಬಾ ಎಂದೆ. ಅದನ್ನು ಬರೆ," ಎಂದರು.

ನನಗೆ ಆ ದಿನ ನೆನಪಿರಲಿಲ್ಲ. ಬರೆದದ್ದನ್ನು ಹೊಡೆದುಹಾಕಿ ಅವರು ಹೇಳಿದ್ದನ್ನೇ ಬರೆದೆ. ಎರಡನೆಯ ಕಾಲಮ್‌ನಲ್ಲಿ, ನಾವು ಹೇಳಿದ್ದು ಎಂಬಲ್ಲಿ, "ನಾಳೆ ಬಾ" ಎಂದು ಬರೆದೆ. ಹುಡುಗಿ ಅದನ್ನೂ ಓದಿ ಹೇಳಿದಳು. ಅಜ್ಜಿ ತಲೆಯಾಡಿಸಿ, ಚಹಾ ಇಡು ಎಂದು ಒಳಗೆ ಕೂಗಿದರು. ಪುಸ್ತಕ ಎನ್ನುವುದನ್ನು ಕೈಗೆ ತೆಗೆದುಕೊಳ್ಳಬಹುದು, ತಿರುಗಿಸಿ ಓದಬಹುದು, ತಪ್ಪಾಗಿದೆ ಎನ್ನಬಹುದು. ನನ್ನ ಮೊಬೈಲ್ ಪರದೆಯನ್ನು ಆ ಮನೆಯವರು ಯಾರೂ ಕೇಳಿ ನೋಡುತ್ತಿರಲಿಲ್ಲ. ನಾನೂ ತೋರಿಸುತ್ತಿರಲಿಲ್ಲ, ಅದರಲ್ಲಿ ಅವರ ಹೆಸರಿನ ಮುಂದೆ ಕೆಂಪು ಚುಕ್ಕೆ ಇತ್ತು.

ಹಣದ ವಿಷಯ ಸ್ವಲ್ಪ ಹೇಳಲೇಬೇಕು. ಅಧಿಕಾರ ಇದ್ದಾಗ ಬ್ಯಾನರ್‌ಗೆ, ಊಟಕ್ಕೆ, ವಾಹನಕ್ಕೆ ಕೇಳದೆಯೇ ಕೊಡುತ್ತಿದ್ದವರು ಈಗ ಫೋನ್ ಎತ್ತುವುದಿಲ್ಲ. ಈ 4,500 ರೂಪಾಯಿಯನ್ನು ಒಂಬತ್ತು ಕಾರ್ಯಕರ್ತರು ತಲಾ 500ರಂತೆ ಹಾಕಿದರು. ಎಲ್ಲರಿಗೂ ರಸೀದಿ ಕೊಟ್ಟಿದ್ದೇನೆ. ಪಕ್ಷಗಳು ಒಬ್ಬರಿಂದ 2,000 ರೂಪಾಯಿಗಿಂತ ಹೆಚ್ಚು ದೇಣಿಗೆಯನ್ನು ನಗದಾಗಿ ಪಡೆಯುವಂತಿಲ್ಲ ಎಂಬ ನಿಯಮ ನಮ್ಮಲ್ಲಿ ಎಷ್ಟೋ ಜನರಿಗೆ ಈಗಲೇ ಗೊತ್ತಾಯಿತು. ಹಣ ಹಾಕಿದ ಒಂಬತ್ತು ಜನರೂ ಪುಸ್ತಕ ತುಂಬುತ್ತಿದ್ದಾರೆ. ಹಾಕದ ಹದಿಮೂರು ಜನರಲ್ಲಿ ಐವರು ಖಾಲಿ ಪುಸ್ತಕವನ್ನೇ ತಂದು ಮರಳಿಸಿದರು. ಬೆಳಗಾವಿಯ 1924ರ ಕಾಂಗ್ರೆಸ್ ಅಧಿವೇಶನ ಇಲ್ಲಿ ನೆನಪಾಗುತ್ತದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಅದೊಂದಕ್ಕೇ. ಸದಸ್ಯರಾಗಬೇಕಾದರೆ ಚಂದಾ ಕೊಟ್ಟರೆ ಸಾಲದು, ತಿಂಗಳಿಗೆ 2,000 ಗಜ ನೂಲು ಕೊಡಬೇಕು ಎಂಬ ನಿಯಮಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತ್ತು. ಅದು ಬಹಳ ದಿನ ನಡೆಯಲಿಲ್ಲ, ಒಂದು ವರ್ಷದೊಳಗೆ ಸಡಿಲಾಯಿತು. ಆದರೂ ಮಿಸ್ಡ್ ಕಾಲ್ ಕೊಟ್ಟು ಸದಸ್ಯರಾದವರ ಪಟ್ಟಿ ಹಿಡಿದು ಕೂತಿರುವ ನನಗೆ, ಕೈಯಿಂದ ಏನಾದರೂ ಮಾಡಿ ತಂದವರನ್ನು ಮಾತ್ರ ಸದಸ್ಯರು ಎನ್ನಬೇಕೆಂಬ ಆ ಹಟ ದೊಡ್ಡದಾಗಿ ಕಾಣುತ್ತದೆ.

ಅಂಗಡಿಯ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಆರು ದಿನ ಎಂದಿದ್ದರು, ಹದಿಮೂರು ದಿನ ತೆಗೆದುಕೊಂಡರು. ನಡುವೆ ಶಾಲೆಗಳ ಪ್ರಶ್ನೆಪತ್ರಿಕೆಗಳ ಕೆಲಸ ಬಂತು. ವಿದ್ಯುತ್ ಹೋದರೆ ಯಂತ್ರ ನಿಲ್ಲುತ್ತದೆ, ಬದಲಿ ವ್ಯವಸ್ಥೆ ಇಲ್ಲ. ಒಂದು ಪುಸ್ತಕದ ನಡುವಿನ ಮಡಿಕೆಯಲ್ಲಿ ಬೇರೊಂದು ಭಾಗದ ಪುಟಗಳು ಸೇರಿಹೋಗಿದ್ದವು. ನಮ್ಮ ಹುಡುಗ ಇಲ್ಲದ ಮನೆ ಹುಡುಕಿಕೊಂಡು ಅರ್ಧ ದಿನ ಅಲೆದ. ಬಿಚ್ಚಿ ಮತ್ತೆ ಹೊಲಿದು ಕೊಟ್ಟರು, ಹಣ ಕೇಳಲಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ಕೆಂಪು ಬಟ್ಟೆಯದು. ಮೊದಲ ಮಳೆಗೆ ಬಣ್ಣ ಬಿಟ್ಟಿತು. ನನ್ನ ಎರಡು ಸೀರೆಗಳ ಸೆರಗು ಹಾಳಾಯಿತು, ಹಾಳೆಗಳ ಅಂಚೂ ಕೆಂಪಾಯಿತು. ಅಕ್ಷರಕ್ಕೆ ಏನೂ ಆಗಲಿಲ್ಲ. ಕಾಕಾಗೆ ತೋರಿಸಿದಾಗ ಅವರು ಬಹಳ ನೊಂದುಕೊಂಡರು. ಗದ್ದಿಗೆಯ ಮೇಲೆ ಇರುವ ಖಾತೆವಹಿಗೆ ಮಳೆ ತಾಗುವುದಿಲ್ಲ, ಅದು ನನಗೆ ಹೊಳೆಯಬೇಕಿತ್ತು ಎಂದರು. ನಾಲ್ಕು ಪುಸ್ತಕಗಳಿಗೆ ತಮ್ಮ ಖರ್ಚಿನಲ್ಲೇ ರೆಕ್ಸಿನ್ ಹಾಕಿಕೊಟ್ಟರು. ನೀವು ಹೊಲಿಸುವುದಾದರೆ ಮೊದಲೇ ರೆಕ್ಸಿನ್ ಎಂದು ಹೇಳಿ, ಪುಸ್ತಕಕ್ಕೆ ಇಪ್ಪತ್ತು ರೂಪಾಯಿ ಹೆಚ್ಚಾಗುತ್ತದೆ.

ಬರೀ ಮತದಾನದ ದಿನಕ್ಕೆ ಏಜೆಂಟರ ಕೈಗೆ ಕೊಡಲು ಪಟ್ಟಿ ಬೇಕಾದವರು ಇಲ್ಲಿಗೆ ಬರಬೇಕಾಗಿಲ್ಲ. ಬಸ್ ನಿಲ್ದಾಣದ ಕಡೆಯ ಅಂಗಡಿಗಳಲ್ಲಿ ಅರ್ಧ ಗಂಟೆಯಲ್ಲಿ, ಇದರ ಅರ್ಧ ಬೆಲೆಗೆ, ಸ್ಪೈರಲ್ ಹಾಕಿ ಕೊಡುತ್ತಾರೆ. ಮುಂದಿನ ಚುನಾವಣೆಗೆ ವರ್ಷಗಳಿರುವಾಗ, ಯಾರೂ ನೋಡದ ಹೊತ್ತಿನಲ್ಲಿ, ಕೆಲಸ ಮಾಡಬೇಕೆಂದು ಹೊರಟವರಿಗೆ ಈ ಅಂಗಡಿ. ಒಂದು ಮಾತು ನೆನಪಿರಲಿ: ಮತಗಟ್ಟೆ ಮಟ್ಟದ ಏಜೆಂಟರು ಒಂದು ದಿನಕ್ಕೆ ಹತ್ತಕ್ಕಿಂತ ಹೆಚ್ಚು ಅರ್ಜಿಗಳನ್ನು ಒಟ್ಟಾಗಿ ಕೊಡುವಂತಿಲ್ಲ ಎಂಬುದು ಸಾಮಾನ್ಯ ಪರಿಷ್ಕರಣೆಯ ವೇಳೆಯ ನಿಯಮ. ಹಾಗಾಗಿ ಪುಸ್ತಕ ತುಂಬಿದ ಮೇಲೆ ಎಲ್ಲವನ್ನೂ ಕೊನೆಯ ವಾರಕ್ಕೆ ಇಟ್ಟುಕೊಂಡರೆ ಆಗುವುದಿಲ್ಲ. ನಾನು ವಾರಕ್ಕೆ ಎರಡು ದಿನ ಗೊತ್ತು ಮಾಡಿಕೊಂಡಿದ್ದೇನೆ.

ಆರು ವಾರ ಕಳೆದಿವೆ. ಒಂಬತ್ತು ಪುಸ್ತಕಗಳು ಅರ್ಧ ದಾಟಿವೆ. ಮೂರನೆಯ ಕಾಲಮ್ ಹೆಚ್ಚಿನ ಮನೆಗಳಲ್ಲಿ ಇನ್ನೂ ಖಾಲಿ. ಅಧಿಕಾರವಿಲ್ಲದವರು ಮಾಡಿಸಿಕೊಡುವುದು ನಿಧಾನ. ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಗೆ ಹೋಗುವುದು, ಸ್ವೀಕೃತಿ ಚೀಟಿ ತಂದುಕೊಡುವುದು, ಇಷ್ಟು ನಮ್ಮ ಕೈಯಲ್ಲಿದೆ. ಅಜ್ಜಿಯ ಮೊಮ್ಮಗಳ ಹೆಸರು ಪಟ್ಟಿಗೆ ಸೇರಿದೆ, ಅದನ್ನು ಅವಳ ಕೈಯಲ್ಲೇ ಬರೆಸಿದೆ. ಪರಿಹಾರದ ಕಡತ ಎಲ್ಲಿದೆ ಎಂದು ಹುಡುಕುವುದಕ್ಕೆ ನಾಲ್ಕು ಸಲ ಕಚೇರಿಗೆ ಹೋಗಿ ಬಂದಿದ್ದೇನೆ. ಐದನೆಯ ಸಲ ಸೋಮವಾರ ಹೋಗಬೇಕು.

ಅಂಗಡಿ ಬೆಳಗ್ಗೆ ಹತ್ತಕ್ಕೆ ತೆರೆಯುತ್ತದೆ, ಭಾನುವಾರ ರಜೆ. ಹೊಲಿಗೆಯ ಕೆಲಸವಿದ್ದರೆ ಮಧ್ಯಾಹ್ನ ಎರಡರ ನಂತರ ಹೋಗಿ, ಕಾಕಾ ಆಗ ಮಂಚದ ಮೇಲೆ ಇರುತ್ತಾರೆ. ಮರಳಿಬಂದ ಐದು ಪುಸ್ತಕಗಳಿಗೆ ಐದು ಹೊಸ ಹೆಣ್ಣುಮಕ್ಕಳು ಸಿಕ್ಕಿದ್ದಾರೆ. ಅವರಿಗಾಗಿ ಬಟ್ಟೆ ಬಿಚ್ಚಿಸಿ ರೆಕ್ಸಿನ್ ಹಾಕಿಸಲು ನಿನ್ನೆ ಕೊಟ್ಟು ಬಂದೆ. ಗುರುವಾರ ಸಿಗುತ್ತವೆ ಎಂದಿದ್ದಾರೆ.